ಮಳೆ ನೋಡಿ ದಾಳಿಂಬೆ ನೆಡೋಣ

(ಹಳೇಬೀಡು ಕಡೆಯ ಒಂದು ಕಲಿಕಾ ಕೇಂದ್ರದಲ್ಲಿ ಸ್ವಯಂಸೇವಕ ಶಿಕ್ಷಕರು ಮಾಡಿದ ಭಾಷಣ)





ಇವತ್ತು ಇಲ್ಲಿ ಮೂರು ಸೀಮೆಯ ಜನ ಸೇರಿದ್ದೀರಿ. ಅರಸೀಕೆರೆ ಕಡೆಯ ತೆಂಗಿನ ತೋಟದವರು ಇದ್ದೀರಿ. ಹಳೇಬೀಡು ಸುತ್ತಮುತ್ತಲ ಹೊಲದವರು ಇದ್ದೀರಿ. ಬೇಲೂರಿನಿಂದ ಆಚೆ, ಬಿಕ್ಕೋಡು, ಅರೇಹಳ್ಳಿ ಕಡೆಯ ಕಾಫಿ ಸೀಮೆಯವರೂ ಇದ್ದೀರಿ.

ಹಲಗೆಯ ಮೇಲೆ ಒಂದು ಪದ ಬರೆದಿದ್ದೇನೆ. ಎಲ್ಲರೂ ಗಟ್ಟಿಯಾಗಿ ಓದಿ. ದಾ-ಳಿಂ-ಬೆ. ಸರಿಯಾಗಿ ಓದಿದಿರಿ.

ದಾಳಿಂಬೆ ಯಾರಿಗೆ ಗೊತ್ತಿಲ್ಲ? ಚೆಂದದ ಹಲ್ಲು ಕಂಡರೆ ದಾಳಿಂಬೆ ಬೀಜದ ಹಾಗಿದೆ ಅಂತೀವಿ. ಕಾಯಿಲೆಯವರನ್ನು ನೋಡಲು ಹೋಗುವಾಗ ಎರಡು ಹಣ್ಣು ಕೊಂಡುಹೋಗುತ್ತೀವಿ. ಅಂಗಡಿಯಲ್ಲಿ ಬೆಲೆ ಕೇಳಿದಾಗ ಮಾತ್ರ ಒಂದೇ ಸಾಕು ಅಂತ ಕೈ ಹಿಂದೆ ಎಳೆಯುತ್ತೀವಿ.

ಆ ಬೆಲೆ ಕೇಳಿದ ದಿನವೇ ಮನಸ್ಸಿನಲ್ಲಿ ಒಂದು ಆಸೆ ಹುಟ್ಟುತ್ತದೆ. "ನಮ್ಮ ಹೊಲದಲ್ಲೂ ಇದನ್ನೇ ಹಾಕಿದರೆ ಹೇಗೆ? ಹೊಸದುರ್ಗದ ಕಡೆ ಬೆಳೀತಾರಂತೆ. ಶಿರಾ ಕಡೆ ಬೆಳೀತಾರಂತೆ. ನಮ್ಮಲ್ಲಿ ಯಾಕೆ ಆಗಬಾರದು?"

ಆಸೆ ತಪ್ಪಲ್ಲ. ಆದರೆ ಸಾಲ ತರುವ ಮೊದಲು ಒಂದು ಪ್ರಶ್ನೆ ಕೇಳಬೇಕು. ನಮ್ಮ ಊರಿನ ಮಳೆ ಈ ಗಿಡಕ್ಕೆ ಒಗ್ಗುತ್ತದೆಯೇ? ಇವತ್ತಿನ ಮಾತೆಲ್ಲಾ ಈ ಒಂದು ಪ್ರಶ್ನೆಯ ಮೇಲೆ.

ನಾನು ಶಾಲೆಯ ಮೇಷ್ಟ್ರು. ತೋಟಗಾರಿಕೆ ಅಧಿಕಾರಿ ಅಲ್ಲ. ತಿಳಿದವರಿಂದ ಕೇಳಿದ್ದು, ಪುಸ್ತಕದಲ್ಲಿ ಓದಿದ್ದು, ಇದೇ ಸೀಮೆಯಲ್ಲಿ ಕಣ್ಣಾರೆ ಕಂಡಿದ್ದು, ಇವನ್ನೇ ಸೇರಿಸಿ ಹೇಳುತ್ತೇನೆ.

ಒಂದೇ ಜಿಲ್ಲೆ, ಮೂರು ಥರ ಮಳೆ

ಬೇಲೂರಿನಿಂದ ಹಳೇಬೀಡಿಗೆ 16 ಕಿಲೋಮೀಟರ್. ಬಸ್ಸು ಹತ್ತಿ ಎಲೆ ಅಡಿಕೆ ಹಾಕಿಕೊಳ್ಳುವಷ್ಟರಲ್ಲಿ ಊರು ಬರುತ್ತದೆ. ಅಲ್ಲಿಂದ ಜಾವಗಲ್ ದಾಟಿ ಅರಸೀಕೆರೆಗೆ ಹೋಗಿ. ದಾರಿಯಲ್ಲಿ ಕಿಟಕಿಯಿಂದ ಆಚೆ ನೋಡುತ್ತಾ ಕೂತರೆ ಸಾಕು. ಹಸಿರು ಕಡಿಮೆಯಾಗುತ್ತಾ ಹೋಗುತ್ತದೆ. ಕಾಫಿ ಗಿಡ ಹೋಗಿ ಆಲೂಗಡ್ಡೆ, ಜೋಳ ಬರುತ್ತದೆ. ಆಮೇಲೆ ರಾಗಿ ಬರುತ್ತದೆ. ಕೊನೆಗೆ ತೆಂಗು.

ಯಾಕೆ ಹೀಗೆ? ಮುಂಗಾರು ಮೋಡ ಪಡುವಣದ ಸಮುದ್ರದಿಂದ ಬರುತ್ತದೆ. ಬಂದು ಪಶ್ಚಿಮ ಘಟ್ಟಕ್ಕೆ ತಾಗುತ್ತದೆ. ಹೊತ್ತು ತಂದ ನೀರಿನಲ್ಲಿ ಬಹುಪಾಲನ್ನು ಅಲ್ಲೇ ಇಳಿಸುತ್ತದೆ. ಉಳಿದಿದ್ದು ಮುಂದೆ ಸಾಗುತ್ತದೆ. ಘಟ್ಟದಿಂದ ದೂರ ಹೋದಷ್ಟೂ ಮೋಡದ ಮಡಿಲು ಬರಿದು.

ಹಾಗಾಗಿ ಬೇಲೂರು ತಾಲ್ಲೂಕಿನ ಪಡುವಣ ಭಾಗದಲ್ಲಿ ವರ್ಷದ ಮಳೆ ಸಾವಿರ ಮಿಲಿಮೀಟರ್ ದಾಟುತ್ತದೆ. ಆಷಾಢದಲ್ಲಿ ವಾರಗಟ್ಟಲೆ ಸೂರ್ಯ ಕಾಣುವುದಿಲ್ಲ. ಒಗೆದ ಬಟ್ಟೆ ಒಲೆಯ ಮೇಲೆ ಒಣಗಬೇಕು. ಅರಸೀಕೆರೆಯಲ್ಲಿ ವರ್ಷದ ಮಳೆ 700 ಮಿಲಿಮೀಟರ್ ಆಸುಪಾಸು. ಆಷಾಢದಲ್ಲಿ ಅಲ್ಲಿ ಬರೀ ಗಾಳಿ, ಒಂದಿಷ್ಟು ತುಂತುರು. ಗಟ್ಟಿ ಮಳೆ ಬರುವುದು ಮೇ ತಿಂಗಳ ಗುಡುಗಿಗೆ ಮತ್ತು ಹಿಂಗಾರಿನ ಹೊತ್ತಿಗೆ. ಹಳೇಬೀಡು ಇವೆರಡರ ನಡುವೆ. ಒಂದು ವರ್ಷ ಮಲೆನಾಡಿನ ಹಾಗೆ, ಇನ್ನೊಂದು ವರ್ಷ ಬಯಲು ಸೀಮೆಯ ಹಾಗೆ.

ಮೂರೂ ಕಡೆ ಒಂದೇ ಗಿಡ ಒಂದೇ ಥರ ಬೆಳೆಯುತ್ತದೆ ಅಂತ ಯಾರಾದರೂ ಹೇಳಿದರೆ ನಂಬುತ್ತೀರಾ? ನಂಬಬೇಡಿ.

ದಾಳಿಂಬೆಯ ತವರು

ದಾಳಿಂಬೆಯ ತವರು ಇರಾನ್ ದೇಶ ಮತ್ತು ಅದರ ಸುತ್ತಿನ ಸೀಮೆ. ಆಫ್ಘಾನಿಸ್ತಾನದ ಕಂದಹಾರದ ದಾಳಿಂಬೆಗೆ ಇವತ್ತಿಗೂ ಹೆಸರಿದೆ. ಅಲ್ಲಿ ಬೇಸಿಗೆ ಸುಡುತ್ತದೆ. ಗಾಳಿ ಒಣ. ಚಳಿಗಾಲದಲ್ಲಿ ಕೈ ಮರಗಟ್ಟುವಷ್ಟು ಚಳಿ. ಆ ಚಳಿಗೆ ಮರ ಎಲೆ ಉದುರಿಸಿ ಮಲಗುತ್ತದೆ. ಚಳಿ ಹೋದ ಮೇಲೆ ಎದ್ದು ಚಿಗುರುತ್ತದೆ.

ಇದರಿಂದ ಒಂದು ವಿಷಯ ತಿಳಿಯುತ್ತದೆ. "ನಮ್ಮದು ತಂಪು ಸೀಮೆ, ಅದಕ್ಕೇ ದಾಳಿಂಬೆ ಬರಲ್ಲ" ಅಂತ ಬೇಲೂರು ಕಡೆ ಹೇಳುವುದುಂಟು. ಅದು ಅರ್ಧ ಮಾತ್ರ ನಿಜ. ನಮ್ಮ ಸೀಮೆಯ ಚಳಿ ಈ ಮರಕ್ಕೆ ಲೆಕ್ಕಕ್ಕೇ ಇಲ್ಲ. ಅದಕ್ಕೆ ಆಗದಿರುವುದು ತೇವ. ಬಿಡದೆ ಸುರಿಯುವ ಮಳೆ, ಮೋಡ ಮುಚ್ಚಿದ ಹಗಲು, ನೀರು ನಿಂತ ನೆಲ, ಇವು ಮೂರೂ ಅದರ ಶತ್ರುಗಳು.

ಇಂಗ್ಲೆಂಡ್ ದೇಶವೂ ತಂಪು, ತೇವದ ದೇಶ. ಅಲ್ಲಿನ ಜನ ಬಿಸಿಲು ಬೀಳುವ ಗೋಡೆಯ ಪಕ್ಕ ದಾಳಿಂಬೆ ನೆಡುತ್ತಾರೆ. ಮರ ಬದುಕುತ್ತದೆ. ಕೆಂಪು ಹೂವೂ ಬಿಡುತ್ತದೆ. ಆದರೆ ಹಣ್ಣು ಮಾಗುವುದು ಅಪರೂಪ. ಅವರು ಅದನ್ನು ಬೆಳೆಸುವುದು ಹೂವಿನ ಚೆಲುವಿಗೆ. ಹೊಟ್ಟೆಪಾಡಿಗೆ ಅಲ್ಲ. ಈ ಮಾತು ನೆನಪಿನಲ್ಲಿ ಇರಲಿ. ಮರ ಬದುಕುವುದು ಬೇರೆ, ಮರ ನಮ್ಮನ್ನು ಬದುಕಿಸುವುದು ಬೇರೆ.

ತೇವ ಏನು ಮಾಡುತ್ತದೆ?

ಮೊದಲನೆಯದು, ಬೇರು. ನೀರು ನಿಂತ ನೆಲದಲ್ಲಿ ಬೇರಿಗೆ ಉಸಿರಾಡಲು ಆಗುವುದಿಲ್ಲ. ಬೇರು ಕೊಳೆಯುತ್ತದೆ. ಇಂಥ ನೆಲದಲ್ಲಿ ಸೊರಗು ರೋಗವೂ ಸುಲಭವಾಗಿ ಬರುತ್ತದೆ. ಒಂದು ಕೊಂಬೆಯ ಎಲೆ ಹಳದಿಯಾಗುತ್ತದೆ. ಆಮೇಲೆ ಇಡೀ ಗಿಡ ನಿಂತಲ್ಲೇ ಒಣಗುತ್ತದೆ. ಕಾಂಡವನ್ನು ಅಡ್ಡಕ್ಕೆ ಕೊಯ್ದು ನೋಡಿದರೆ ಒಳಗೆ ಕಪ್ಪು ಕಲೆ ಕಾಣುತ್ತದೆ. ಅಂಥ ಗಿಡ ಸತ್ತ ಗುಂಡಿಯಲ್ಲೇ ಇನ್ನೊಂದು ಗಿಡ ನೆಡಬಾರದು.

ಎರಡನೆಯದು, ಹೂವು. ದಾಳಿಂಬೆಯಲ್ಲಿ ಎರಡು ಥರದ ಹೂವು ಇರುತ್ತದೆ. ಬುಡ ದಪ್ಪಗೆ ಚೊಂಬಿನ ಹಾಗಿದ್ದರೆ ಅದು ಕಾಯಿ ಕಚ್ಚುವ ಹೂವು. ಬುಡ ಸಣ್ಣಗೆ ಗಂಟೆಯ ಹಾಗಿದ್ದರೆ ಅದು ಉದುರುವ ಹೂವು. ಉದುರುವ ಹೂವು ಒಂದಿಷ್ಟು ಇದ್ದೇ ಇರುತ್ತದೆ. ಅದಕ್ಕೆ ಗಾಬರಿ ಬೇಡ. ಆದರೆ ಮಳೆ ಹಿಡಿದಾಗ ಜೇನುನೊಣ ಹಾರುವುದಿಲ್ಲ. ಆಗ ಕಾಯಿ ಕಚ್ಚಬೇಕಾದ ಹೂವೂ ಉದುರುತ್ತದೆ.

ಮೂರನೆಯದು, ಹಣ್ಣು. ನೆಲ ಚೆನ್ನಾಗಿ ಒಣಗಿರುತ್ತದೆ. ಕಾಯಿಯ ಸಿಪ್ಪೆ ಬಿಗಿದಿರುತ್ತದೆ. ಆಗ ಒಮ್ಮೆಲೆ ದೊಡ್ಡ ಮಳೆ ಬರುತ್ತದೆ. ಒಳಗಿನ ಕಾಳು ನೀರು ಕುಡಿದು ಉಬ್ಬುತ್ತದೆ. ಸಿಪ್ಪೆ ಅಷ್ಟು ಬೇಗ ಹಿಗ್ಗುವುದಿಲ್ಲ. ಹಣ್ಣು ಪಟ್ಟನೆ ಬಿರಿಯುತ್ತದೆ. ಬಿರಿದ ಹಣ್ಣನ್ನು ಇರುವೆ ತಿನ್ನಬಹುದು, ಗಿಣಿ ತಿನ್ನಬಹುದು. ಸಾಬಿ ಮಾತ್ರ ಕೊಳ್ಳುವುದಿಲ್ಲ, ಶೆಟ್ಟರೂ ಕೊಳ್ಳುವುದಿಲ್ಲ. ಮಾರುಕಟ್ಟೆಗೆ ಅದು ಕಸ.

ನಾಲ್ಕನೆಯದು, ಎಲ್ಲಕ್ಕಿಂತ ಕೆಟ್ಟದ್ದು. ಅದೇ ಅಂಗಮಾರಿ ರೋಗ.

ಹೆಸರು ಒಂದೇ, ರೋಗ ಬೇರೆ

ಅಂಗಮಾರಿ ಅಂದ ಕೂಡಲೆ ಹಾಸನ ಜಿಲ್ಲೆಯವರಿಗೆ ಆಲೂಗಡ್ಡೆ ನೆನಪಾಗುತ್ತದೆ. ಮೋಡ ಕವಿದು ನಾಲ್ಕು ದಿನ ಜಡಿ ಹಿಡಿದರೆ ಆಲೂಗಡ್ಡೆ ಹೊಲ ಸುಟ್ಟ ಹಾಗೆ ಆಗುತ್ತದೆ. ಆ ನೋವು ನಿಮಗೆ ನಾನು ಹೇಳಬೇಕಾಗಿಲ್ಲ.

ದಾಳಿಂಬೆಗೆ ಬರುವುದು ಬೇರೆ ಅಂಗಮಾರಿ. ಆಲೂಗಡ್ಡೆಯದು ಬೂಷ್ಟಿನ ಜಾತಿಯ ರೋಗ. ದಾಳಿಂಬೆಯದು ದುಂಡಾಣು ಅಂಗಮಾರಿ. ದುಂಡಾಣು ಅಂದರೆ ಕಣ್ಣಿಗೆ ಕಾಣದ, ಬಹಳ ಸಣ್ಣ ಜೀವಿ. ಆದ್ದರಿಂದ ಆಲೂಗಡ್ಡೆಗೆ ತಂದ ಔಷಧಿ ಡಬ್ಬಿಯಲ್ಲಿ ಉಳಿದಿದೆ ಅಂತ ದಾಳಿಂಬೆಗೆ ಹೊಡೆಯಬೇಡಿ. ಹಣ ದಂಡ, ಶ್ರಮ ದಂಡ.

ರೋಗದ ಗುರುತು ಹೀಗೆ. ಮೊದಲು ಎಲೆಯ ಮೇಲೆ ಎಣ್ಣೆ ತೊಟ್ಟು ಬಿದ್ದ ಹಾಗೆ ಚುಕ್ಕೆ ಕಾಣುತ್ತದೆ. ಮಹಾರಾಷ್ಟ್ರದವರು ಇದಕ್ಕೇ 'ತೇಲ್ಯಾ' ಅಂತಾರೆ. ಅಂದರೆ ಎಣ್ಣೆಯದು ಅಂತ ಅರ್ಥ. ಚುಕ್ಕೆ ಕಪ್ಪಾಗುತ್ತದೆ. ಸುತ್ತ ಹಳದಿ ಬಳೆ ಕಟ್ಟುತ್ತದೆ. ಎಲೆ ಉದುರುತ್ತದೆ. ಕೊಂಬೆಯ ಗೆಣ್ಣಿನಲ್ಲಿ ಬಿರುಕು ಬಿಟ್ಟು ಮುರಿಯುತ್ತದೆ. ಕಾಯಿಯ ಮೇಲೆ ಕಪ್ಪು ಕಲೆಯಾಗಿ, ಕಲೆಯ ನಡುವೆ ಸೀಳುತ್ತದೆ.

ಇದು ಹೇಗೆ ಹರಡುತ್ತದೆ? ಮಳೆ ಹನಿ ಚುಕ್ಕೆಯ ಮೇಲೆ ಬಿದ್ದು ಸಿಡಿಯುತ್ತದೆ. ಸಿಡಿದ ಹನಿಯ ಜೊತೆ ರೋಗವೂ ಪಕ್ಕದ ಎಲೆಗೆ ಹೋಗುತ್ತದೆ. ಗಾಳಿ ಮಳೆ ಎರಡೂ ಸೇರಿದರೆ ಪಕ್ಕದ ಗಿಡಕ್ಕೆ ಹೋಗುತ್ತದೆ. ಕತ್ತರಿಯಿಂದ ಹೋಗುತ್ತದೆ. ರೋಗದ ಗಿಡದಿಂದ ಮಾಡಿದ ಸಸಿಯ ಜೊತೆ ಊರಿಂದೂರಿಗೆ ಹೋಗುತ್ತದೆ. ಸೆಕೆಯೂ ಇರಬೇಕು, ತೇವವೂ ಇರಬೇಕು. ಆಗ ಅದಕ್ಕೆ ಹಬ್ಬ.

ಬಯಲು ಸೀಮೆಯಲ್ಲೇ ಹೀಗಾಯಿತು

"ಮೇಷ್ಟ್ರು ಸುಮ್ಮನೆ ಹೆದರಿಸ್ತಾರೆ" ಅಂತ ಅನ್ನಬೇಡಿ. ನಡೆದ ಸಂಗತಿಯನ್ನೇ ಹೇಳುತ್ತೇನೆ.

ವಿಜಯಪುರ, ಬಾಗಲಕೋಟೆ, ಕೊಪ್ಪಳ, ಬಳ್ಳಾರಿ ಕಡೆ ಮಳೆ ಕಡಿಮೆ, ಬಿಸಿಲು ಹೆಚ್ಚು. ದಾಳಿಂಬೆಗೆ ಹೇಳಿ ಮಾಡಿಸಿದ ಸೀಮೆ ಅದು. ಅಲ್ಲಿನ ರೈತರು ದಾಳಿಂಬೆಯಿಂದ ಒಳ್ಳೆಯ ಹಣ ಕಂಡರು. ಒಬ್ಬರನ್ನು ನೋಡಿ ಇನ್ನೊಬ್ಬರು ನೆಟ್ಟರು. ಎಲ್ಲೆಲ್ಲಿಂದಲೋ ಸಸಿ ಬಂತು. ಸಸಿಯ ಜೊತೆ ರೋಗವೂ ಬಂತು. 2000ದ ನಂತರದ ವರ್ಷಗಳಲ್ಲಿ ದುಂಡಾಣು ಅಂಗಮಾರಿ ಅಲ್ಲಿ ತೋಟ ತೋಟಗಳನ್ನೇ ಹಿಡಿಯಿತು. ಎಷ್ಟೋ ರೈತರು ಸ್ವಂತ ಕೈಯಿಂದ ನೆಟ್ಟ ಗಿಡಗಳನ್ನು ಸ್ವಂತ ಕೈಯಿಂದಲೇ ಕಿತ್ತು ಸುಟ್ಟರು. ಗಿಡ ಸುಟ್ಟಿತು. ಸಾಲ ಸುಡಲಿಲ್ಲ.

ದಾಳಿಂಬೆಗಾಗಿಯೇ ಒಂದು ರಾಷ್ಟ್ರೀಯ ಸಂಶೋಧನಾ ಕೇಂದ್ರವನ್ನು 2005ರಲ್ಲಿ ಮಹಾರಾಷ್ಟ್ರದ ಸೊಲ್ಲಾಪುರದಲ್ಲಿ ಸ್ಥಾಪಿಸಿದರು. ವಿಜ್ಞಾನಿಗಳು ಕೆಲಸ ಮಾಡುತ್ತಿದ್ದಾರೆ. ಆದರೂ ಗಣೇಶ, ಭಗವಾ ಮುಂತಾಗಿ ನಾವು ವ್ಯಾಪಾರಕ್ಕೆ ಬೆಳೆಯುವ ತಳಿಗಳಲ್ಲಿ ಈ ರೋಗವನ್ನು ಪೂರ್ತಿ ತಡೆದು ನಿಲ್ಲುವ ತಳಿ ಇಲ್ಲ. ಸಸಿ ಮಾರುವವರು "ಇದಕ್ಕೆ ರೋಗವೇ ಬರಲ್ಲ" ಅಂದರೆ, ಆ ಮಾತನ್ನು ಬರೆದುಕೊಡಿ ಅನ್ನಿ. ಬರೆದುಕೊಡುವುದಿಲ್ಲ.

ಈಗ ಯೋಚನೆ ಮಾಡಿ. ಒಣ ಸೀಮೆಯಲ್ಲೇ ಹೀಗಾದರೆ, ಮಳೆ ಸೀಮೆಯಲ್ಲಿ ಏನಾಗಬಹುದು?

ಮಳೆಯ ಹೆಸರಿನ ಬೆಳೆ

ದಾಳಿಂಬೆಗೆ ಉಪವಾಸ ಬೇಕು. ಇದು ವಿಚಿತ್ರ ಅನ್ನಿಸಬಹುದು. ಆದರೆ ನಿಜ. ಒಂದು ತಿಂಗಳು, ಒಂದೂವರೆ ತಿಂಗಳು ನೀರು ನಿಲ್ಲಿಸುತ್ತಾರೆ. ಎಲೆ ಹಳದಿಯಾಗಿ ಉದುರುತ್ತದೆ. ಆಗ ರೆಂಬೆ ಸವರುತ್ತಾರೆ. ಗೊಬ್ಬರ ಕೊಟ್ಟು ಮತ್ತೆ ನೀರು ಬಿಡುತ್ತಾರೆ. ಹಸಿದ ಮರ ಒಮ್ಮೆಲೆ ಚಿಗುರಿ ಹೂವು ಬಿಡುತ್ತದೆ. ಹೂವು ಬಿಟ್ಟ ಐದಾರು ತಿಂಗಳಿಗೆ ಹಣ್ಣು ಕೈಗೆ ಬರುತ್ತದೆ.

ಹೀಗೆ ಹೂವು ಬರಿಸುವುದಕ್ಕೆ ಬಹಾರ್ ಅಂತಾರೆ. ಬಹಾರ್ ಮೂರು. ಹೆಸರು ಕೇಳಿ, ನಿಮಗೆ ಗೊತ್ತಿರುವ ಹೆಸರೇ.

ಮೃಗ ಬಹಾರ್. ನಮ್ಮ ಮೃಗಶಿರಾ ಮಳೆಯ ಹೆಸರು. ಜೂನ್, ಜುಲೈಯಲ್ಲಿ ಹೂವು.

ಹಸ್ತ ಬಹಾರ್. ನಮ್ಮ ಹಸ್ತ ಮಳೆಯ ಹೆಸರು. ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಹೂವು.

ಅಂಬೆ ಬಹಾರ್. ಮರಾಠಿಯಲ್ಲಿ ಅಂಬಾ ಅಂದರೆ ಮಾವು. ಮಾವು ಹೂ ಬಿಡುವ ಕಾಲ. ಜನವರಿ, ಫೆಬ್ರವರಿಯಲ್ಲಿ ಹೂವು.

ಈ ಮೂರರಲ್ಲಿ ನಮಗೆ ಯಾವುದು ಬೇಡ? ಮೃಗ ಬಹಾರ್ ಬೇಡವೇ ಬೇಡ. ಹೂವು, ಎಳೆಗಾಯಿ ಎಲ್ಲಾ ಮಳೆಯಲ್ಲೇ ನೆನೆಯುತ್ತವೆ. ಅಂಗಮಾರಿಗೆ ನಾವೇ ಎಲೆ ಹಾಸಿ ಬಡಿಸಿದ ಹಾಗೆ. ಅಂಬೆ ಬಹಾರ್‌ನಲ್ಲಿ ಹೂವು ಚೆನ್ನಾಗಿ ಬರುತ್ತದೆ. ಆದರೆ ಹಣ್ಣು ಮಾಗುವುದು ಜುಲೈ ಹೊತ್ತಿಗೆ. ಬೇಲೂರು ಕಡೆಗೆ ಅದು ಪುನರ್ವಸು, ಪುಷ್ಯ ಮಳೆಯ ಕಾಲ. ಹಣ್ಣು ಮಾಗುವ ಬದಲು ಕೊಳೆಯುತ್ತದೆ. ಹಸ್ತ ಬಹಾರ್ ಮಾಡಬೇಕಾದರೆ ಅದಕ್ಕೆ ಮೊದಲು ನೆಲ ಒಣಗಬೇಕು. ಆಗಸ್ಟ್ ತಿಂಗಳಲ್ಲಿ ಬೇಲೂರಿನ ನೆಲ ಒಣಗುತ್ತದೆಯೇ? ನೀವೇ ಹೇಳಿ.

ಇದೇ ನೋಡಿ ವಿಷಯ. ಮಳೆ ಸೀಮೆಯಲ್ಲಿ ನೀರು ಕೊಡುವುದು ನಮ್ಮ ಕೈಯಲ್ಲಿದೆ. ನೀರು ನಿಲ್ಲಿಸುವುದು ನಮ್ಮ ಕೈಯಲ್ಲಿ ಇಲ್ಲ.

ಹಾಗಾದರೆ ಯಾರು ಏನು ಮಾಡಬಹುದು?

ಅರಸೀಕೆರೆ ಕಡೆಯವರೆ, ಮೊದಲು ನಿಮಗೆ ಹೇಳುತ್ತೇನೆ. ನಿಮ್ಮ ಕೆಂಪು ಮಣ್ಣು, ಗರಸು ಮಣ್ಣು ದಾಳಿಂಬೆಗೆ ಆಗುತ್ತದೆ. ಮಳೆ ಕಡಿಮೆ, ಬಿಸಿಲು ಇದೆ. ಹನಿ ನೀರಾವರಿ ಇದ್ದರೆ ಕಡಿಮೆ ನೀರಿನಲ್ಲೂ ಬೆಳೆಯಬಹುದು. ಆದರೆ ಎರಡು ಮಾತು. ತೆಂಗಿನ ನೆರಳಿನಲ್ಲಿ ನೆಡಬೇಡಿ, ಅದಕ್ಕೆ ಇಡೀ ದಿನದ ಬಿಸಿಲು ಬೇಕು. ಕೆರೆಯ ಹಿಂದಿನ ಜಿಗುಟು ಮಣ್ಣಿನಲ್ಲಿ ನೆಡಬೇಡಿ, ಅಲ್ಲಿ ನೀರು ಬಸಿಯುವುದಿಲ್ಲ. ಅಂಬೆ ಮತ್ತು ಹಸ್ತ ಬಹಾರ್‌ಗಳಲ್ಲಿ ನಿಮ್ಮ ಹೋಬಳಿಗೆ ಯಾವುದು ಒಳ್ಳೆಯದು ಅಂತ ತೋಟಗಾರಿಕೆ ಇಲಾಖೆಯವರನ್ನು ಕೇಳಿ ತೀರ್ಮಾನ ಮಾಡಿ.

ಹಳೇಬೀಡು ಕಡೆಯವರೆ, ನಿಮ್ಮದು ನಡುವಿನ ಸೀಮೆ. ಒಂದೇ ಸಲಕ್ಕೆ ಎಕರೆಗಟ್ಟಲೆ ಹಾಕಬೇಡಿ. ಏರು ನೆಲದಲ್ಲಿ, ನೀರು ಬಸಿದು ಹೋಗುವ ಕಡೆ, ಹತ್ತು ಇಪ್ಪತ್ತು ಗಿಡ ಹಾಕಿ ನೋಡಿ. ಮೂರು ನಾಲ್ಕು ವರ್ಷ ಗಮನಿಸಿ. ಹಿಂಗಾರು ಮುಗಿಯುತ್ತಿದ್ದ ಹಾಗೆ ನೀರು ನಿಲ್ಲಿಸಿ ಗಿಡ ಸವರಿ. ಮುಂದಿನ ಮುಂಗಾರು ಹಿಡಿಯುವ ಮೊದಲು ಹಣ್ಣು ಮನೆಗೆ ಬರುವ ಹಾಗೆ ಲೆಕ್ಕ ಹಾಕಿ. ಆರಿದ್ರಾ ಮಳೆಗೆ ಮರದಲ್ಲಿ ಹಣ್ಣು ಇರಬಾರದು. ಇದೇ ನಿಮ್ಮ ಸೂತ್ರ.

ಬೇಲೂರಿನಿಂದ ಪಡುವಣಕ್ಕೆ ಇರುವವರೆ, ನಿಮಗೆ ನೇರವಾಗಿ ಹೇಳುತ್ತೇನೆ. ಸಾಲ ಮಾಡಿ ದಾಳಿಂಬೆ ತೋಟ ಮಾಡಬೇಡಿ. ನಿಮ್ಮ ಮಳೆಗೆ ಒಗ್ಗುವ ಗಿಡಗಳು ನಿಮ್ಮಲ್ಲೇ ಇವೆ. ಕಾಫಿ ಇದೆ, ಮೆಣಸು ಇದೆ, ಕಿತ್ತಳೆ ಇದೆ, ಬೆಣ್ಣೆಹಣ್ಣು ಇದೆ. ಆದರೆ ಮನೆ ಮಕ್ಕಳಿಗೆ ನಾಲ್ಕು ಹಣ್ಣು ಬೇಕು ಅಂದರೆ ಹಿತ್ತಲಿನಲ್ಲಿ ಒಂದೆರಡು ಗಿಡ ಖಂಡಿತ ಬೆಳೆಸಬಹುದು. ಅದು ಹೇಗೆ ಅಂತ ಈಗ ಹೇಳುತ್ತೇನೆ.

ಹಿತ್ತಲಿನ ದಾಳಿಂಬೆ

ಜಾಗ ಆರಿಸುವುದೇ ಮುಖ್ಯ ಕೆಲಸ. ಮಳೆಗಾಳಿ ಪಡುವಣದಿಂದ ಹೊಡೆಯುತ್ತದೆ. ಆದ್ದರಿಂದ ಮನೆಯ ಮೂಡಣ ದಿಕ್ಕಿಗೆ ನೆಡಿ. ಗೋಡೆ ಗಾಳಿಮಳೆಯನ್ನು ತಡೆಯುತ್ತದೆ. ಆದರೆ ಗೋಡೆಗೆ ಅಂಟಿಸಿ ನೆಡಬೇಡಿ. ಸೂರಿನ ನೀರು ಬುಡಕ್ಕೆ ಬೀಳಬಾರದು. ಮಧ್ಯಾಹ್ನದವರೆಗಾದರೂ ಬಿಸಿಲು ತಪ್ಪಬಾರದು. ಬಚ್ಚಲು ನೀರು ಹರಿಯುವ ಕಡೆ ಬಾಳೆ ಹಾಕಿ, ದಾಳಿಂಬೆ ಬೇಡ.

ಎರಡು ಅಡಿ ಉದ್ದ, ಎರಡು ಅಡಿ ಅಗಲ, ಎರಡು ಅಡಿ ಆಳದ ಗುಂಡಿ ತೆಗೆಯಿರಿ. ಬೇಸಿಗೆಯಲ್ಲಿ ಹದಿನೈದು ದಿನ ಬಿಸಿಲಿಗೆ ಬಿಡಿ. ಮೇಲ್ಮಣ್ಣು, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ, ಒಂದಿಷ್ಟು ಮರಳು, ಒಂದಿಷ್ಟು ಬೇವಿನ ಹಿಂಡಿ ಸೇರಿಸಿ ತುಂಬಿ. ತುಂಬಿದ ಮೇಲೆ ನೆಲಕ್ಕಿಂತ ಒಂದು ಅಡಿ ಎತ್ತರಕ್ಕೆ ದಿಬ್ಬ ಮಾಡಿ. ಗಿಡ ನಿಲ್ಲಬೇಕಾದದ್ದು ಆ ದಿಬ್ಬದ ಮೇಲೆ. ಸುತ್ತಲೂ ನೀರು ಹರಿದುಹೋಗಲು ಒಂದು ಸಣ್ಣ ಕಾಲುವೆ ಇರಲಿ. ಮಳೆಗಾಲ ಕಳೆದ ಮೇಲೆ ನೆಡಿ. ಎಳೆ ಗಿಡಕ್ಕೆ ಮೊದಲ ಆಷಾಢ ಬರುವಷ್ಟರಲ್ಲಿ ಬೇರು ಊರಿರುತ್ತದೆ.

ಸಸಿಯನ್ನು ನಂಬಿಕೆಯ ಕಡೆಯಿಂದ ತನ್ನಿ. ಎಲೆಯಲ್ಲಿ ಒಂದು ಚುಕ್ಕೆ ಇದ್ದರೂ ಬಿಟ್ಟು ಬನ್ನಿ. ಸಂತೆಯಲ್ಲಿ ಅಗ್ಗಕ್ಕೆ ಸಿಕ್ಕಿತು ಅಂತ ತರಬೇಡಿ.

ಬುಡದಿಂದ ಮೂರು ನಾಲ್ಕು ಕಾಂಡ ಮಾತ್ರ ಬಿಡಿ. ಉಳಿದ ಮರಿಗಳನ್ನು ಆಗಾಗ ಕಿತ್ತುಹಾಕಿ. ಗಿಡದ ನಡುವೆ ಬೆಳಕು, ಗಾಳಿ ಆಡಬೇಕು. ಎಲೆ ಬೇಗ ಒಣಗಿದರೆ ಅರ್ಧ ರೋಗ ಕಡಿಮೆ. ಮೊದಲ ಎರಡು ವರ್ಷ ಬಂದ ಹೂವನ್ನು ಚಿವುಟಿ. ಮೂರನೆಯ ವರ್ಷದಿಂದ ಕಾಯಿ ಬಿಡಿ.

ಕಾಯಿ ನಿಂಬೆ ಗಾತ್ರ ಆಗುವ ಮೊದಲೇ ಹಳೆ ತೆಳು ಬಟ್ಟೆಯ ಚೀಲ ಕಟ್ಟಿ. ಒಂದು ಚಿಟ್ಟೆ ಹೂವಿನ ಮೇಲೆ, ಎಳೆಗಾಯಿಯ ಮೇಲೆ ಮೊಟ್ಟೆ ಇಡುತ್ತದೆ. ಅದರ ಹುಳು ಕಾಯಿ ಕೊರೆದು ಒಳಗೆ ಹೋಗುತ್ತದೆ. ಹಣ್ಣು ನಾತ ಹೊಡೆಯುತ್ತದೆ. ಚೀಲ ಕಟ್ಟಿದರೆ ಔಷಧಿ ಖರ್ಚಿಲ್ಲ.

ಹಣ್ಣು ಬಾರದ ವರ್ಷವೂ ಗಿಡ ದಂಡವಲ್ಲ. ಮಲೆನಾಡಿನ ತಾಯಂದಿರಿಗೆ ದಾಳಿಂಬೆ ಕುಡಿಯ ತಂಬುಳಿ ನಾನು ಹೇಳಿಕೊಡಬೇಕೆ? ಎಳೆ ಚಿಗುರು, ಜೀರಿಗೆ, ಮೆಣಸನ್ನು ತುಪ್ಪದಲ್ಲಿ ಹುರಿದು, ಕಾಯಿ ತುರಿ ಜೊತೆ ರುಬ್ಬಿ, ಮಜ್ಜಿಗೆ ಬೆರೆಸಿದರೆ ಆಯಿತು. ಔಷಧಿ ಹೊಡೆದ ಗಿಡದ ಚಿಗುರನ್ನು ಮಾತ್ರ ಬಳಸಬೇಡಿ.

ಮೈಲುತುತ್ತ ಮತ್ತು ಸುಣ್ಣ

ಅಡಿಕೆ ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣ ನಿಮಗೆ ಗೊತ್ತು. ದಾಳಿಂಬೆ ಅಂಗಮಾರಿಯನ್ನು ತಡೆಯಲೂ ಅದನ್ನೇ ಬಳಸುತ್ತಾರೆ. ಅದು ರೋಗ ಬಾರದ ಹಾಗೆ ತಡೆಯುತ್ತದೆ. ಬಂದ ರೋಗವನ್ನು ಗುಣ ಮಾಡುವುದಿಲ್ಲ.

ಲೆಕ್ಕ ಬರೆದುಕೊಳ್ಳಿ. 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ. ಹಾಗಾದರೆ 10 ಲೀಟರ್ ನೀರಿಗೆ ಎಷ್ಟು? ತಲಾ 100 ಗ್ರಾಂ. 5 ಲೀಟರ್ ನೀರಿನಲ್ಲಿ ಮೈಲುತುತ್ತ ಕರಗಿಸಿ. ಇನ್ನೊಂದು 5 ಲೀಟರ್‌ನಲ್ಲಿ ಸುಣ್ಣ ಕದಡಿ ಸೋಸಿ. ಮೈಲುತುತ್ತದ ನೀರನ್ನು ನಿಧಾನವಾಗಿ ಸುಣ್ಣದ ನೀರಿಗೆ ಸುರಿಯುತ್ತಾ ಕಲಸಿ. ಪ್ಲಾಸ್ಟಿಕ್ ಪಾತ್ರೆ ಬಳಸಿ, ಕಬ್ಬಿಣ ಬೇಡ. ಕೊನೆಗೆ ಹೊಳೆಯುವ ಕುಡುಗೋಲನ್ನು ಅದ್ದಿ ನೋಡಿ. ಅಲಗಿನ ಮೇಲೆ ಕೆಂಪು ಕೂತರೆ ಸುಣ್ಣ ಸಾಲದು ಅಂತ ಅರ್ಥ. ಇನ್ನಷ್ಟು ಸುಣ್ಣದ ತಿಳಿ ಸೇರಿಸಿ. ಮಾಡಿದ ದಿನವೇ ಬಳಸಿ. ಗಿಡ ಸವರಿದ ಮೇಲೆ ಒಮ್ಮೆ, ಮಳೆಗಾಲಕ್ಕೆ ಮೊದಲು ಒಮ್ಮೆ ಹೊಡೆಯಿರಿ. ಹಣ್ಣು ಕೀಳುವ ಹೊತ್ತಿನಲ್ಲಿ ಬೇಡ.

ಉದುರಿದ ರೋಗದ ಎಲೆ, ಕಾಯಿಗಳನ್ನು ಗುಡಿಸಿ ಸುಡಿ. ತಿಪ್ಪೆಗೆ ಹಾಕಬೇಡಿ. ಒಂದು ಗಿಡ ಸವರಿದ ಮೇಲೆ ಕತ್ತರಿಯನ್ನು ಬ್ಲೀಚಿಂಗ್ ಪುಡಿಯ ನೀರಿನಲ್ಲಿ ಅದ್ದಿ ಇನ್ನೊಂದಕ್ಕೆ ಹೋಗಿ.

ಅಂಗಡಿಯಿಂದ ಯಾವ ಔಷಧಿ ತಂದರೂ ಡಬ್ಬಿಯ ಮೇಲಿನ ಅಕ್ಷರ ಓದಿ. ಅದರ ಮೇಲೆ ಬಣ್ಣದ ಗುರುತು ಇರುತ್ತದೆ. ಕೆಂಪು ಇದ್ದರೆ ಭಾರಿ ವಿಷ. ಆಮೇಲೆ ಹಳದಿ, ನೀಲಿ, ಹಸಿರು. ಹಸಿರು ಅಂದರೂ ಕುಡಿಯುವ ನೀರಲ್ಲ. ಮಕ್ಕಳ ಕೈಗೆ ಸಿಗದ ಹಾಗೆ ಇಡಿ.

ಮಳೆ ಪುಸ್ತಕ ಬರೆಯಿರಿ

ಈಗ ಕೊನೆಯ ಮಾತು. ಇದು ಓದು ಬರಹದ ಮಾತು.

ನಮ್ಮ ಹೊಲಕ್ಕೆ ಎಷ್ಟು ಮಳೆ ಬಿತ್ತು ಅಂತ ನಾವೇ ಅಳೆಯಬಹುದು. ನೇರ ಗೋಡೆಯ ಒಂದು ಡಬ್ಬ ಸಾಕು. ಬಾಯಿ, ಬುಡ ಒಂದೇ ಅಗಲ ಇರಬೇಕು. ಬಯಲಿನಲ್ಲಿ, ಮರ ಸೂರು ತಾಗದ ಕಡೆ ಅಲುಗಾಡದ ಹಾಗೆ ಇಡಿ. ಪ್ರತಿ ದಿನ ಬೆಳಿಗ್ಗೆ ಎಂಟೂವರೆಗೆ ಮಕ್ಕಳ ಅಳತೆ ಪಟ್ಟಿ ಇಳಿಸಿ ನೋಡಿ. ನೀರು ಎಷ್ಟು ಮಿಲಿಮೀಟರ್ ಇದೆಯೋ ಅಷ್ಟೇ ಮಳೆ. ತಾರೀಖು ಹಾಕಿ ಬರೆದು, ನೀರು ಚೆಲ್ಲಿ, ಡಬ್ಬ ಮತ್ತೆ ಇಡಿ. 1 ಮಿಲಿಮೀಟರ್ ಮಳೆ ಅಂದರೆ ಒಂದು ಎಕರೆಗೆ ಸುಮಾರು 4 ಸಾವಿರ ಲೀಟರ್ ನೀರು. 20 ಮಿಲಿಮೀಟರ್ ಬಂದರೆ 80 ಸಾವಿರ ಲೀಟರ್.

ಒಂದು ವರ್ಷ ಹೀಗೆ ಬರೆದರೆ ನಿಮ್ಮ ಹೊಲದ ಜಾತಕ ನಿಮ್ಮ ಕೈಯಲ್ಲಿ ಇರುತ್ತದೆ. ಯಾವ ತಿಂಗಳು ಒಣ, ಯಾವ ತಿಂಗಳು ತೇವ, ಎಷ್ಟು ದಿನ ಬಿಸಿಲೇ ಇಲ್ಲ, ಎಲ್ಲಾ ಗೊತ್ತಾಗುತ್ತದೆ. ಆ ಪುಸ್ತಕವನ್ನು ತೆಗೆದುಕೊಂಡು ತೋಟಗಾರಿಕೆ ಇಲಾಖೆಗೆ ಹೋಗಿ. ಇಲ್ಲವೇ ಹಾಸನದ ಹತ್ತಿರ ಕಂದಲಿಯಲ್ಲಿರುವ ಕೃಷಿ ವಿಜ್ಞಾನ ಕೇಂದ್ರಕ್ಕೆ ಹೋಗಿ. ಕೇಳಿದ್ದಕ್ಕೆ ಸರಿಯಾದ ಉತ್ತರ ಸಿಗುತ್ತದೆ.

ಸಾಲದ ಲೆಕ್ಕವನ್ನೂ ಬರೆಯಿರಿ. ಒಂದು ಎಕರೆ ಅಂದರೆ 43,560 ಚದರ ಅಡಿ. ಹದಿನೈದು ಅಡಿಗೆ ಹತ್ತು ಅಡಿ ಅಂತರದಲ್ಲಿ ನೆಟ್ಟರೆ ಸುಮಾರು 290 ಗಿಡ. ಗುಂಡಿ, ಸಸಿ, ಗೊಬ್ಬರ, ಹನಿ ನೀರಾವರಿ, ಬೇಲಿ, ಕೂಲಿ, ಇವೆಲ್ಲಾ ಮೊದಲ ದಿನದಿಂದಲೇ ಖರ್ಚು. ಹಣ್ಣು ಮೂರನೆಯ ವರ್ಷಕ್ಕೆ. ನಡುವೆ ಎರಡು ವರ್ಷ ಬಡ್ಡಿ ಮಾತ್ರ ಹಣ್ಣು ಬಿಡುತ್ತದೆ. ಬೆಳೆ ವಿಮೆಯ ಪಟ್ಟಿಯಲ್ಲಿ ನಿಮ್ಮ ಪಂಚಾಯಿತಿಗೆ ದಾಳಿಂಬೆ ಇದೆಯೇ ಅಂತಲೂ ಮೊದಲೇ ಕೇಳಿ.

ಸಾಲದ ಕಾಗದ ಬಂದಾಗ ಕೂತು ಓದಿ. ಬಡ್ಡಿ ಎಷ್ಟು, ಕಂತು ಎಷ್ಟು, ಯಾವ ಜಮೀನನ್ನು ಆಧಾರ ಬರೆದಿದ್ದಾರೆ, ಎಲ್ಲಾ ನೋಡಿ. ಗೊತ್ತಾಗದಿದ್ದರೆ ಇಲ್ಲಿಗೆ ತನ್ನಿ, ಸೇರಿ ಓದೋಣ. ಓದಿದ ಮೇಲೆ ಸಹಿ ಹಾಕಿ. ಗಂಡಸರು ಮನೆಯ ಹೆಂಗಸರಿಗೂ ಓದಿ ಹೇಳಿ. ಸಾಲ ತೀರಿಸುವಾಗ ಅವರ ಕೈಬಳೆಯೂ ಹೋಗುತ್ತದಲ್ಲ, ಸಾಲ ಮಾಡುವಾಗ ಅವರ ಮಾತೂ ಬೇಕು.

ಅಕ್ಕಂದಿರೆ, ಅಣ್ಣಂದಿರೆ, ಪಕ್ಕದವರ ತೋಟ ನೋಡಿ ಕಲಿಯುವುದು ಒಳ್ಳೆಯದು. ಆದರೆ ಪಕ್ಕದವರ ತೋಟದ ಜೊತೆ ಅವರ ಆಕಾಶವನ್ನೂ ನೋಡಬೇಕು. ಗಿಡವನ್ನು ತರಬಹುದು. ಆಕಾಶವನ್ನು ತರಲು ಆಗುವುದಿಲ್ಲ.

 

ನೆನಪಿಡಿ

1. ದಾಳಿಂಬೆಗೆ ಚಳಿ ಶತ್ರುವಲ್ಲ. ತೇವ ಶತ್ರು.
2. ನೀರು ನಿಲ್ಲುವ ನೆಲದಲ್ಲಿ ನೆಡಬಾರದು. ಮಳೆ ಸೀಮೆಯಲ್ಲಿ ದಿಬ್ಬದ ಮೇಲೆ ನೆಡಬೇಕು.
3. ಎಲೆಯ ಮೇಲೆ ಎಣ್ಣೆ ಚುಕ್ಕೆ ಕಂಡರೆ ಅಂಗಮಾರಿ ಇರಬಹುದು. ಕೂಡಲೆ ತಿಳಿದವರಿಗೆ ತೋರಿಸಬೇಕು.
4. ಮೃಗ ಬಹಾರ್ ಬೇಡ. ಹಳೇಬೀಡು ಕಡೆ ಮುಂಗಾರಿಗೆ ಮೊದಲು ಹಣ್ಣು ಕೀಳಬೇಕು.
5. ಮಳೆ ಬರೆದಿಡಬೇಕು. ಕಾಗದ ಓದಿ ಸಹಿ ಹಾಕಬೇಕು.

ಓದಿ, ಉತ್ತರ ಹೇಳಿ

1. ಬೇಲೂರಿನಿಂದ ಅರಸೀಕೆರೆಗೆ ಹೋಗುತ್ತಾ ಮಳೆ ಯಾಕೆ ಕಡಿಮೆಯಾಗುತ್ತದೆ?
2. ದಾಳಿಂಬೆ ಹಣ್ಣು ಯಾಕೆ ಬಿರಿಯುತ್ತದೆ?
3. ಕಾಯಿ ಕಚ್ಚುವ ಹೂವಿನ ಬುಡ ಹೇಗಿರುತ್ತದೆ?
4. 20 ಲೀಟರ್ ಬೋರ್ಡೋ ದ್ರಾವಣಕ್ಕೆ ಮೈಲುತುತ್ತ ಎಷ್ಟು? ಸುಣ್ಣ ಎಷ್ಟು?

ಬಿಟ್ಟ ಜಾಗ ತುಂಬಿ

ನಮ್ಮ ಊರು ..............................
ಈ ವಾರ ನಮ್ಮ ಊರಿನಲ್ಲಿ ಬಿದ್ದ ಮಳೆ .......... ಮಿಲಿಮೀಟರ್.
ಬಿಸಿಲು ಕಾಣದ ದಿನಗಳು ..........
ನಮ್ಮ ನೆಲದಲ್ಲಿ ನೀರು ನಿಲ್ಲುತ್ತದೆ / ನಿಲ್ಲುವುದಿಲ್ಲ.